ನೀರು ಹಿಡಿದು ನೀರು ಬಿಡುವ ಹರಳುಗಳು

ಮೊದಲು ಒಂದು ಲೆಕ್ಕ ಮಾಡೋಣ. ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ತಾಪಮಾನ 40 ಡಿಗ್ರಿ ಸೆಲ್ಸಿಯಸ್, ಗಾಳಿಯ ಸಾಪೇಕ್ಷ ತೇವಾಂಶ ಶೇ 20 ಎಂದು ಇಟ್ಟುಕೊಳ್ಳಿ. ತುಟಿ ಒಡೆಯುವಂಥ ಒಣಹವೆ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಎಷ್ಟು ನೀರಿರುತ್ತದೆ? ಸುಮಾರು 10 ಗ್ರಾಂ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಒಂದು ಸಭಾಂಗಣವಾದರೆ 400 ಘನ ಮೀಟರ್. ಅಷ್ಟರಲ್ಲಿ ನಾಲ್ಕು ಲೀಟರ್ ನೀರು ಆವಿಯಾಗಿ ನಿಂತಿದೆ. ಬೋರ್‌ವೆಲ್ ಬತ್ತಿದ ಊರಿನಲ್ಲೂ ಗಾಳಿಯಲ್ಲಿ ನೀರು ಇದ್ದೇ ಇರುತ್ತದೆ.

ತೆಗೆಯುವುದು ಹೇಗೆ? ತಣ್ಣಗೆ ಮಾಡಿದರೆ ಆವಿ ಹನಿಯಾಗುತ್ತದೆ, ಎಸಿಯ ಪೈಪಿನಿಂದ ನೀರು ತೊಟ್ಟಿಕ್ಕುವುದನ್ನು ನೀವೆಲ್ಲ ನೋಡಿದ್ದೀರಿ. ಆದರೆ ನಾನು ಹೇಳಿದ ಗಾಳಿಯನ್ನು 40ರಿಂದ 13 ಡಿಗ್ರಿಗಿಂತ ಕೆಳಕ್ಕೆ ಇಳಿಸಿದ ಮೇಲಷ್ಟೇ ಮೊದಲ ಹನಿ ಬೀಳುತ್ತದೆ. ಹತ್ತು ಗ್ರಾಂ ನೀರಿಗಾಗಿ ಒಂದು ಕಿಲೋಗ್ರಾಮಿಗೂ ಹೆಚ್ಚು ಗಾಳಿಯನ್ನು ತಣ್ಣಗೆ ಮಾಡಬೇಕು. ಕರೆಂಟ್ ಬಿಲ್ ಕಟ್ಟುವವರು ಯಾರು?

ಇನ್ನೊಂದು ದಾರಿ, ನೀರನ್ನು ಹೀರುವ ವಸ್ತುವನ್ನು ಇಡುವುದು. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಚಿಕ್ಕ ಪೊಟ್ಟಣದಲ್ಲಿ ಸಿಲಿಕಾ ಜೆಲ್ ಇರುತ್ತದೆ, ಅದು ಇದೇ ಕೆಲಸ ಮಾಡುತ್ತದೆ. ಅದಕ್ಕಿಂತ ಗಟ್ಟಿಯಾಗಿ ಹಿಡಿಯುವುದು ಜಿಯೋಲೈಟ್. ಎಷ್ಟೇ ಒಣಹವೆಯಾಗಲಿ, ನೀರಿನ ಅಣುಗಳನ್ನು ಎಳೆದು ತನ್ನೊಳಗೆ ಕೂರಿಸಿಕೊಳ್ಳುತ್ತದೆ. ತೊಂದರೆ ಏನೆಂದರೆ ಅದು ಬಿಡುವುದಿಲ್ಲ. ನೀರು ಪೂರ್ತಿ ವಾಪಸು ಬರಬೇಕಾದರೆ 200 ಡಿಗ್ರಿ ದಾಟಿ ಕಾಯಿಸಬೇಕು. ಸಿಲಿಕಾ ಜೆಲ್‌ನದು ಬೇರೆಯೇ ತೊಂದರೆ. ಗಾಳಿ ಒಣಗಿದಷ್ಟೂ ಅದು ಹಿಡಿಯುವ ನೀರೂ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ನೀರು ಬೇಕೇಬೇಕಾದ ಕಡೆ ಅದು ಕೈಕೊಡುತ್ತದೆ.

ನಾನು ಇವತ್ತು ಹೇಳಬೇಕೆಂದುಕೊಂಡಿರುವುದೆಲ್ಲ ಈ ಸಮಸ್ಯೆಯ ಸುತ್ತಲೇ ಇದೆ. ಹಿಡಿಯುವ ವಸ್ತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೇಕಾದಾಗ ಹಿಡಿದು, ಕೇಳಿದಾಗ ಹೆಚ್ಚು ಖರ್ಚಿಲ್ಲದೆ ಬಿಟ್ಟುಕೊಡುವ ವಸ್ತುವನ್ನು ಮಾಡುವುದು ಕಷ್ಟ. ಕಳೆದ ಮೂರೂವರೆ ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ಅದನ್ನು ಅಣು ಅಣುವಾಗಿ ಕಲಿಯುತ್ತಿದ್ದಾರೆ. ಆ ಕಲಿಕೆಯಿಂದ ಹುಟ್ಟಿದ ವಸ್ತುಗಳಿಗೆ ಲೋಹ-ಸಾವಯವ ಚೌಕಟ್ಟು ಎಂದು ಹೆಸರು. ಇಂಗ್ಲಿಷಿನಲ್ಲಿ ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಪ್ರಯೋಗಾಲಯದಲ್ಲಿ ನಾವೆಲ್ಲ ಚಿಕ್ಕದಾಗಿ ಮಾಫ್ ಅನ್ನುತ್ತೇವೆ. 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಇದಕ್ಕೇ ಬಂತು. ಕ್ಯೋಟೋದ ಸುಸುಮು ಕಿತಗಾವಾ, ಮೆಲ್ಬರ್ನಿನ ರಿಚರ್ಡ್ ರಾಬ್ಸನ್, ಬರ್ಕ್ಲಿಯ ಓಮರ್ ಯಾಗಿ ಮೂವರೂ ಹಂಚಿಕೊಂಡರು.

ಮನೆ ಕಟ್ಟುವಾಗ ಗೋಡೆಯ ಹೊರಗೆ ಸಾರವೆ ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಗಳುಗಳು, ಗಳುಗಳನ್ನು ಸೇರಿಸುವ ಗಂಟುಗಳು, ನಡುವೆ ಬರಿಯ ಜಾಗ. ಮಾಫ್‌ನಲ್ಲಿ ಗಂಟಿನ ಜಾಗದಲ್ಲಿ ಲೋಹದ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳಿರುತ್ತವೆ, ಗಳುವಿನ ಜಾಗದಲ್ಲಿ ಇಂಗಾಲದ ಉದ್ದನೆಯ ಅಣುಗಳಿರುತ್ತವೆ. ಒಂದು ಗಂಟಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರ್, ಮೀಟರಿನ ನೂರು ಕೋಟಿಯಲ್ಲಿ ಒಂದೆರಡು ಪಾಲು. ನಮಗೆ ಬೇಕಾಗಿರುವುದು ಈ ನಡುವಿನ ಬರಿಯ ಜಾಗ.

ರಾಬ್ಸನ್ ಅವರಿಗೆ ಈ ಯೋಚನೆ ಬಂದಿದ್ದು ಪಾಠ ಮಾಡುವ ಸಿದ್ಧತೆಯಲ್ಲಿ. 1974ರಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಮರದ ಚೆಂಡುಗಳ ಮಾದರಿ ಮಾಡಿಸಬೇಕಿತ್ತು. ಚೆಂಡು ಅಂದರೆ ಪರಮಾಣು, ಕಡ್ಡಿ ಅಂದರೆ ಬಂಧ. ಯಾವ ಚೆಂಡಿನಲ್ಲಿ ಎಲ್ಲೆಲ್ಲಿ ತೂತು ಕೊರೆಯಬೇಕು ಎಂದು ವರ್ಕ್‌ಶಾಪಿನವರಿಗೆ ಗುರುತು ಮಾಡಿಕೊಟ್ಟರು. ಚೆಂಡುಗಳು ಬಂದ ಮೇಲೆ ಜೋಡಿಸಿ ನೋಡಿದರೆ, ತೂತುಗಳ ಜಾಗವೇ ಇಡೀ ರಚನೆಯನ್ನು ನಿರ್ಧರಿಸಿಬಿಟ್ಟಿತ್ತು. ಬೇರೆ ಥರ ಜೋಡಿಸಲು ಬರುವುದೇ ಇಲ್ಲ. ಹಾಗಾದರೆ ಪರಮಾಣುಗಳ ಬದಲು ಇಡೀ ಅಣುಗಳನ್ನೇ ಹೀಗೆ ಜೋಡಿಸಿದರೆ? ಈ ಪ್ರಶ್ನೆಯನ್ನು ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಯಲ್ಲಿಟ್ಟುಕೊಂಡಿದ್ದರು. ಕೊನೆಗೆ ನಾಲ್ಕು ಕೈಗಳ ತಾಮ್ರದ ಅಯಾನನ್ನೂ ನಾಲ್ಕು ಕೈಗಳ ಒಂದು ಸಾವಯವ ಅಣುವನ್ನೂ ಬೆರೆಸಿದರು. ಗೋಜಲಾದ ಮುದ್ದೆ ಸಿಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಿದ್ದ ಕಡೆ ಹರಳು ಬಂತು. ರಚನೆ ವಜ್ರದ್ದು, ಆದರೆ ಒಳಗೆ ದೊಡ್ಡ ದೊಡ್ಡ ಪೊಳ್ಳು. ಇದು ಪ್ರಕಟವಾಗಿದ್ದು 1989ರಲ್ಲಿ. ಪಾಠದ ಸಲಕರಣೆಯನ್ನು ಇಷ್ಟು ಗಮನವಿಟ್ಟು ನೋಡಿದ ಮೇಷ್ಟ್ರು ನನಗಂತೂ ಬಹಳ ದೊಡ್ಡವರಾಗಿ ಕಾಣುತ್ತಾರೆ.

ಆದರೆ ಆ ಹರಳು ನಾಜೂಕು. ಪೊಳ್ಳಿನಲ್ಲಿ ತುಂಬಿದ್ದ ದ್ರಾವಕವನ್ನು ತೆಗೆದರೆ ಇಂಥ ಚೌಕಟ್ಟುಗಳು ಕುಸಿಯುತ್ತಿದ್ದವು. ಕುಸಿಯುವ ವಸ್ತುವಿನಿಂದ ಏನು ಪ್ರಯೋಜನ ಎಂದು ಕೇಳುವವರೇ ಹೆಚ್ಚು. ಕಿತಗಾವಾ ಅವರಿಗೂ ಸಂಶೋಧನಾ ಅನುದಾನ ಸುಲಭಕ್ಕೆ ಸಿಗಲಿಲ್ಲ. ಅವರು ಚೀನಾದ ಪ್ರಾಚೀನ ಚಿಂತಕ ಝುವಾಂಗ್‌ಝಿಯ ಒಂದು ಮಾತನ್ನು ನೆಚ್ಚಿಕೊಂಡವರು: ಪ್ರಯೋಜನವಿಲ್ಲ ಎಂದು ಕಾಣುವುದಕ್ಕೂ ಒಂದು ಪ್ರಯೋಜನವಿದೆ. 1997ರಲ್ಲಿ ಅವರ ತಂಡ ಕೋಬಾಲ್ಟ್, ನಿಕ್ಕಲ್, ಸತುವಿನ ಅಯಾನುಗಳನ್ನು ಬೈಪಿರಿಡಿನ್ ಎಂಬ ಅಣುವಿನಿಂದ ಜೋಡಿಸಿ, ಒಳಗಿನ ನೀರನ್ನು ತೆಗೆದು ತೋರಿಸಿತು. ಚೌಕಟ್ಟು ನಿಂತೇ ಇತ್ತು. ಆ ಖಾಲಿ ಕಾಲುವೆಗಳಿಗೆ ಮೀಥೇನ್, ಸಾರಜನಕ, ಆಮ್ಲಜನಕ ಹೋಗುತ್ತಿತ್ತು, ಬರುತ್ತಿತ್ತು. ಹೋಗುವುದಷ್ಟೇ ಅಲ್ಲ, ಬರುವುದೂ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರ ನಿಜವಾಗಿ ಶುರುವಾದದ್ದು ಅಲ್ಲಿಂದ.

ಯಾಗಿ ಹುಟ್ಟಿದ್ದು 1965ರಲ್ಲಿ, ಜೋರ್ಡಾನಿನ ಅಮ್ಮಾನ್‌ನಲ್ಲಿ, ಪ್ಯಾಲೆಸ್ಟೀನಿನ ನಿರಾಶ್ರಿತ ಕುಟುಂಬದಲ್ಲಿ. ಮನೆಯಲ್ಲಿ ನಲ್ಲಿ ನೀರಿಲ್ಲ, ಕರೆಂಟಿಲ್ಲ. ಹದಿನೈದನೇ ವಯಸ್ಸಿಗೆ ಅಮೆರಿಕಕ್ಕೆ ಹೋದರು. ಮುಂದೆ ಅವರು ಗಾಳಿಯಿಂದ ನೀರು ತೆಗೆಯುವ ಕೆಲಸಕ್ಕೆ ಕೈಹಾಕಿದ್ದನ್ನು ಓದಿದಾಗಲೆಲ್ಲ ನನಗೆ ಆ ಮನೆಯೂ ನೆನಪಾಗುತ್ತದೆ. 1999ರಲ್ಲಿ ಅವರ ತಂಡ ಮಾಫ್-5 ಎಂಬ ವಸ್ತುವನ್ನು ಪ್ರಕಟಿಸಿತು. ಅದರ ಗಂಟು ಸತುವಿನ ಆಕ್ಸೈಡಿನ ಒಂದು ಗೊಂಚಲು. ಗಳು ಟೆರೆಫ್ತಾಲಿಕ್ ಆಮ್ಲದ್ದು. ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಪ್ಲಾಸ್ಟಿಕ್ ಬಾಟಲಿಗೂ ಬಳಸುವ ಆಮ್ಲ ಅದೇ. ಒಳಗೆ ಏನೂ ಇಲ್ಲದೆ 300 ಡಿಗ್ರಿಗೆ ಕಾಯಿಸಿದರೂ ಅದು ಕುಸಿಯಲಿಲ್ಲ.

ಅದರ ಒಳಮೈ ವಿಸ್ತೀರ್ಣ, ಅಂದರೆ ಪೊಳ್ಳುಗಳ ಗೋಡೆಗಳನ್ನೆಲ್ಲ ಕೂಡಿಸಿದ ವಿಸ್ತೀರ್ಣ, ಒಂದು ಗ್ರಾಮಿಗೆ ಸುಮಾರು 2,900 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 29 ಗುಂಟೆ. ಒಂದು ಚಿಟಿಕೆ ಪುಡಿಯೊಳಗೆ ಮುಕ್ಕಾಲು ಎಕರೆಯಷ್ಟಾಯಿತು. ಹೇಗೆ ಅಳೆಯುತ್ತಾರೆ ಎಂದು ಆ ಕಡೆಯಿಂದ ಯಾರೋ ಕೇಳಿದಿರಿ. ಪುಡಿಯನ್ನು ಮೈನಸ್ 196 ಡಿಗ್ರಿಗೆ ತಣ್ಣಗೆ ಮಾಡಿ ಸಾರಜನಕ ಅನಿಲವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಗೋಡೆಗಳ ಮೇಲೆ ಒಂದು ಪದರ ಕೂರಲು ಎಷ್ಟು ಅಣು ಬೇಕಾಯಿತು ಎಂಬುದನ್ನು ಲೆಕ್ಕ ಹಾಕಿ, ಒಂದು ಅಣು ಹಿಡಿಯುವ ಜಾಗದಿಂದ ಗುಣಿಸುತ್ತಾರೆ. 1938ರಿಂದ ನಡೆದುಬಂದ ವಿಧಾನ.

ಆಮೇಲೆ ಈ ಅಂಕಿಯ ಪೈಪೋಟಿ ಶುರುವಾಯಿತು. ಐದು ಸಾವಿರ, ಏಳು ಸಾವಿರ, 2018ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನವರು ಮಾಡಿದ ಒಂದು ವಸ್ತುವಿಗೆ 7,800 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಎರಡು ಎಕರೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಕ್ಷೇತ್ರ ಈ ಅಂಕಿಗೆ ಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟಿತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಾಫ್-5ನ್ನೇ ನೋಡಿ. ಮಾಮೂಲಿ ಗಾಳಿಯಲ್ಲಿ ತೆರೆದಿಟ್ಟರೆ ಅದು ಹಾಳಾಗುತ್ತದೆ. ಗಾಳಿಯ ತೇವ ಸತು ಮತ್ತು ಆಮ್ಲಜನಕದ ನಡುವಿನ ಬಂಧವನ್ನು ಬಿಡಿಸಿಬಿಡುತ್ತದೆ. 29 ಗುಂಟೆ ಇದ್ದೇನು, ಮಳೆಗಾಲಕ್ಕೆ ಉಳಿಯದಿದ್ದರೆ?

ಈ ದೌರ್ಬಲ್ಯಕ್ಕೆ ಉತ್ತರ ಸಿಕ್ಕಿದ್ದು ನಾರ್ವೆಯಲ್ಲಿ. 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದವರು ಸತುವಿನ ಬದಲು ಜಿರ್ಕೋನಿಯಂ ಬಳಸಿದರು. ಮಾಫ್-5ರಲ್ಲಿ ಒಂದು ಗಂಟಿಗೆ ಆರು ಗಳು, ಇದರಲ್ಲಿ ಹನ್ನೆರಡು. ಜಿರ್ಕೋನಿಯಂ ಆಮ್ಲಜನಕವನ್ನು ಹಿಡಿಯುವ ಹಿಡಿತವೂ ಬಲು ಬಿಗಿ. ಅದನ್ನು ನೀರಿನಲ್ಲೇ ಹಾಕಿದರೂ ಚೌಕಟ್ಟು ನಿಲ್ಲುತ್ತದೆ. ಅದರ ಹೆಸರು ಯುಐಒ-66, ಆ ಮೂರು ಅಕ್ಷರ ಓಸ್ಲೋ ವಿಶ್ವವಿದ್ಯಾಲಯದ್ದು. ಈ ಕ್ಷೇತ್ರದ ಹೆಸರುಗಳೇ ಒಂದು ಭೂಪಟ. ಎಚ್‌ಕೆಯುಎಸ್‌ಟಿ-1 ಹಾಂಗ್‌ಕಾಂಗ್‌ನದು, ಎಂಐಎಲ್ ಎಂದು ಶುರುವಾದರೆ ಫ್ರಾನ್ಸಿನ ಲವಾಜಿಯೇ ಸಂಸ್ಥೆಯದು, ಸಿಎಎಲ್‌ಎಫ್ ಅಂದರೆ ಕೆನಡಾದ ಕ್ಯಾಲ್ಗರಿಯದು. ಈ ಕೊನೆಯದಕ್ಕೆ ಮತ್ತೆ ಬರುತ್ತೇನೆ, ಅದರಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿಗೂ ಒಂದು ಕೊಂಡಿ ಇದೆ.

ಈಗ ನೀರಿಗೆ ವಾಪಸು ಬರೋಣ. 2014ರಲ್ಲಿ ಯಾಗಿ ತಂಡ ಮಾಫ್-801 ಎಂಬ ಜಿರ್ಕೋನಿಯಂ ಚೌಕಟ್ಟು ನೀರನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ತೋರಿಸಿತು. ಅದರ ಗಳು ಫ್ಯೂಮರಿಕ್ ಆಮ್ಲ, ತಿಂಡಿಗಳಿಗೆ ಹುಳಿ ಕೊಡಲು ಹಾಕುವಂಥದ್ದು. ತೇವಾಂಶ ತೀರ ಕಡಿಮೆ ಇರುವಾಗ ಅದು ಹೆಚ್ಚೇನೂ ಹಿಡಿಯುವುದಿಲ್ಲ. ಒಂದು ಹಂತ ಮುಟ್ಟಿದ ಕೂಡಲೇ ಒಮ್ಮೆಲೇ ತುಂಬಿಕೊಳ್ಳುತ್ತದೆ. ತೇವಾಂಶ ಏರಿದ ಹಾಗೆ ಹಿಡಿದ ನೀರು ಎಷ್ಟೆಂದು ಗ್ರಾಫ್ ಬರೆದರೆ ಅದು ಮೆಟ್ಟಿಲಿನ ಹಾಗೆ ಕಾಣುತ್ತದೆ. ಮೆಟ್ಟಿಲು ಯಾಕೆ ಮುಖ್ಯ ಅಂದರೆ, ಅದರ ಒಂದು ಬದಿಯಲ್ಲಿ ವಸ್ತು ಖಾಲಿ, ಇನ್ನೊಂದು ಬದಿಯಲ್ಲಿ ಭರ್ತಿ. ಹಾಗಾಗಿ ಸ್ವಲ್ಪ ಕಾಯಿಸಿದರೆ ಸಾಕು, ಅಷ್ಟೂ ನೀರು ಹೊರಬರುತ್ತದೆ. ರಾತ್ರಿ ಹಿಡಿ, ಹಗಲು ಬಿಸಿಲಿಗೆ ಬಿಡು. ಸುಮಾರು 65 ಡಿಗ್ರಿ ಸಾಕು. ಜಿಯೋಲೈಟಿನ 200 ಎಲ್ಲಿ, ಇದು ಎಲ್ಲಿ!

2017ರಲ್ಲಿ ಯಾಗಿ ತಂಡ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎವೆಲಿನ್ ವಾಂಗ್ ತಂಡದ ಜೊತೆ ಸೇರಿ ಮಾಡಿದ ಸಾಧನದ ವರದಿ ಬಂತು. ಶೇ 20 ತೇವಾಂಶದಲ್ಲೂ ಒಂದು ಕಿಲೋ ಮಾಫ್‌ನಿಂದ ದಿನಕ್ಕೆ 2.8 ಲೀಟರ್ ತೆಗೆಯಬಹುದು ಎಂದು ಅದರಲ್ಲಿತ್ತು. ಪತ್ರಿಕೆಗಳಲ್ಲೆಲ್ಲ ಆ ಅಂಕಿಯೇ ಓಡಾಡಿತು. ಮರುವರ್ಷ ಅರಿಜೋನಾದ ಬಯಲಿನಲ್ಲಿ ಇನ್ನೊಂದು ಸಾಧನವನ್ನಿಟ್ಟು ನೋಡಿದಾಗ ಒಂದು ಕಿಲೋ ಮಾಫ್-801ರಿಂದ ಒಂದು ಹಗಲು-ರಾತ್ರಿಗೆ ಸಿಕ್ಕಿದ್ದು ಸುಮಾರು 100 ಗ್ರಾಂ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ವಸ್ತುವಿನ ಶಕ್ತಿ ಒಂದು. ಬಿಸಿಲು, ಗಾಜು, ಶಾಖದ ಸೋರಿಕೆ, ಆವಿಯನ್ನು ಮತ್ತೆ ಹನಿಯಾಗಿಸುವ ತಗಡು ಎಲ್ಲ ಸೇರಿದ ಸಾಧನದ ಶಕ್ತಿ ಇನ್ನೊಂದು. ವಸ್ತು ಮಾಡುವವರೂ ಸಾಧನ ಕಟ್ಟುವವರೂ ಒಟ್ಟಿಗೆ ಕೂರದಿದ್ದರೆ ಈ ಅಂತರ ತುಂಬುವುದಿಲ್ಲ. 2019ರಲ್ಲಿ ಅಲ್ಯೂಮಿನಿಯಮ್ಮಿನಿಂದ ಮಾಡಿದ ಮಾಫ್-303 ಬಳಸಿ, ದಿನಕ್ಕೆ ಒಂದೇ ಸಲದ ಬದಲು ಹಲವು ಸಲ ಹಿಡಿದು ಬಿಡುವಂತೆ ಯಾಗಿ ತಂಡದವರು ಮಾಡಿದರು. ಮೊಹಾವಿ ಮರುಭೂಮಿಯಲ್ಲಿ ಕಿಲೋಗೆ ದಿನಕ್ಕೆ 0.7 ಲೀಟರ್ ಬಂತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಇಲ್ಲಿದೆ. 2021ರಲ್ಲಿ ಅದೇ ತಂಡ ಮಾಫ್-303ರ ಒಂದೇ ಹರಳನ್ನು ಎಕ್ಸ್-ರೇ ಕಿರಣಕ್ಕೆ ಒಡ್ಡಿ, ನೀರಿನ ಅಣುಗಳು ಒಂದಾದ ಮೇಲೊಂದು ಎಲ್ಲೆಲ್ಲಿ ಹೋಗಿ ಕೂರುತ್ತವೆ ಎಂದು ಕಂಡುಹಿಡಿಯಿತು. ಪೊಳ್ಳಿನ ಅಗಲ ಒಂದು ನ್ಯಾನೋಮೀಟರಿನ ಆಸುಪಾಸು, ಹಾಗಾಗಿ ಕೆಲವೇ ಅಣುಗಳು ಅಕ್ಕಪಕ್ಕ ನಿಲ್ಲಬಹುದು. ಮೊದಲು ಬಂದ ನೀರು ಗೋಡೆಯಲ್ಲಿರುವ ಪೈರಜೋಲ್ ಎಂಬ ಐದು ಪರಮಾಣುಗಳ ಉಂಗುರದ ಸಾರಜನಕದ ಹತ್ತಿರ ಗಟ್ಟಿಯಾಗಿ ಕೂರುತ್ತದೆ. ಮುಂದೆ ಬಂದವು ಗೋಡೆಯನ್ನಲ್ಲ, ಮೊದಲು ಕೂತ ನೀರನ್ನು ಹಿಡಿದುಕೊಳ್ಳುತ್ತವೆ. ಗುಂಪು, ಗುಂಪಿನಿಂದ ಸರಪಳಿ, ಸರಪಳಿಯಿಂದ ಬಲೆ. ಮೆಟ್ಟಿಲು ಯಾಕೆ ಬರುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಉತ್ತರ ಸಿಕ್ಕಿತು.

ಆಮೇಲೆ ಏನು ಮಾಡಿದರು ನೋಡಿ. ಗಟ್ಟಿಯಾಗಿ ಕೂತ ಆ ಮೊದಲ ನೀರನ್ನು ಎಬ್ಬಿಸಲು ಹೆಚ್ಚು ಶಾಖ ಬೇಕು. ಹಾಗಾದರೆ ಗೋಡೆಯ ಕೆಲವು ಪೈರಜೋಲ್‌ಗಳನ್ನು ತೆಗೆದು, ಅಷ್ಟು ಬಿಗಿಯಾಗಿ ಹಿಡಿಯದ ಫ್ಯೂರಾನ್ ಉಂಗುರಗಳನ್ನು ಹಾಕೋಣ ಎಂದು ಎರಡು ಬಗೆಯ ಗಳುಗಳನ್ನು ಬೆರೆಸಿದರು. ಚೌಕಟ್ಟಿನ ಆಕಾರ ಬದಲಾಗಲಿಲ್ಲ, ಹಿಡಿತ ಸಡಿಲವಾಯಿತು, ನೀರು ಇನ್ನೂ ಕಡಿಮೆ ಬಿಸಿಗೆ ಹೊರಬಂತು. ನಾವು ಓದುವಾಗ ವಸ್ತು ಮೊದಲು ಸಿಗುತ್ತಿತ್ತು, ಅದರ ಗುಣ ಆಮೇಲೆ ತಿಳಿಯುತ್ತಿತ್ತು. ಇಲ್ಲಿ ಬೇಕಾದ ಗುಣವನ್ನು ಮೊದಲು ಹೇಳಿ, ಅದಕ್ಕೆ ತಕ್ಕ ಗೋಡೆಯನ್ನು ಆಮೇಲೆ ಹೆಣೆದಿದ್ದಾರೆ.

ಕಾರ್ಬನ್ ಡೈ ಆಕ್ಸೈಡಿನ ವಿಷಯಕ್ಕೆ ಬಂದರೂ ಪ್ರಶ್ನೆ ಅದೇ. ಕಾರ್ಖಾನೆಯ ಚಿಮಣಿಯಿಂದ ಅದನ್ನು ಹಿಡಿಯಲು ಈಗ ಬಳಸುವುದು ಅಮೈನ್ ಎಂಬ, ಸಾರಜನಕವಿರುವ ಸಂಯುಕ್ತಗಳ ದ್ರಾವಣ. ಚೆನ್ನಾಗಿಯೇ ಹಿಡಿಯುತ್ತದೆ. ಬಿಡಿಸಿಕೊಳ್ಳಲು ನೀರು ತುಂಬಿದ ಇಡೀ ದ್ರಾವಣವನ್ನು 120 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ವಿದ್ಯುತ್ ಸ್ಥಾವರವಾದರೆ ತಾನೇ ಮಾಡಿದ ಶಕ್ತಿಯ ದೊಡ್ಡ ಪಾಲನ್ನು ಇದಕ್ಕೇ ಸುರಿಯಬೇಕಾಗುತ್ತದೆ. ಮಾಫ್‌ಗಳು ಇಲ್ಲಿ ನೆರವಾಗಬಹುದು, ಆದರೆ ಚಿಮಣಿಯ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. ಬಹುಪಾಲು ಮಾಫ್‌ಗಳು ಕಾರ್ಬನ್ ಡೈ ಆಕ್ಸೈಡನ್ನು ಬಿಟ್ಟು ನೀರನ್ನು ತುಂಬಿಕೊಂಡುಬಿಡುತ್ತವೆ.

ಆಗಲೇ ಹೇಳಿದ ಕ್ಯಾಲ್ಗರಿಯ ವಸ್ತು, ಸಿಎಎಲ್‌ಎಫ್-20, ಇಲ್ಲಿ ಗೆದ್ದಿತು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ತಂಡದ್ದು. ಸತು, ಟ್ರಯಜೋಲ್, ಆಕ್ಸಲೇಟ್, ಮೂರೂ ಅಗ್ಗದ ಸಾಮಗ್ರಿ. ಒಳಮೈ ವಿಸ್ತೀರ್ಣ ಗ್ರಾಮಿಗೆ 500 ಚದರ ಮೀಟರ್ ಚಿಲ್ಲರೆ, ದಾಖಲೆಗಳ ಪಟ್ಟಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಆದರೆ ತೇವಾಂಶ ಶೇ 40ರಷ್ಟಿದ್ದರೂ ನೀರನ್ನು ಬಿಟ್ಟು ಕಾರ್ಬನ್ ಡೈ ಆಕ್ಸೈಡನ್ನೇ ಹಿಡಿಯುತ್ತದೆ. ಹಿಡಿತ ಹದವಾಗಿದೆ, ಹಬೆ ಹಾಯಿಸಿದರೆ ಬಿಡುತ್ತದೆ, ಹಬೆಗೆ ಹಾಳಾಗುವುದಿಲ್ಲ. ಕೆನಡಾದ ಸ್ವಾಂಟೆ ಕಂಪನಿ ಇದನ್ನು ಸಿಮೆಂಟ್ ಕಾರ್ಖಾನೆಯ ಹೊಗೆಯ ಮೇಲೆ ಪ್ರಯೋಗಿಸಿತು, ಬಿಎಎಸ್‌ಎಫ್ ಕಂಪನಿ ಟನ್‌ಗಟ್ಟಲೆ ತಯಾರಿಸುತ್ತಿದೆ. ಈ ಕ್ಷೇತ್ರದಲ್ಲಿ ಒಂದೇ ವಸ್ತುವನ್ನು ಮೆಚ್ಚಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಜಕ್ಕೂರಿನ ಕೊಂಡಿ ಹೇಳುತ್ತೇನೆ ಅಂದಿದ್ದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಎಸ್. ನಟರಾಜನ್ ಅವರ ತಂಡ ಈ ಶತಮಾನದ ಆರಂಭದಲ್ಲೇ ಸತುವಿನ ಆಕ್ಸಲೇಟ್ ಚೌಕಟ್ಟುಗಳ ಮೇಲೆ ಸಾಲುಸಾಲು ಕೆಲಸ ಮಾಡಿತ್ತು. ಆ ತಂಡದಲ್ಲಿದ್ದ ರಾಮನಾಥನ್ ವೈದ್ಯನಾಥನ್ ಮುಂದೆ ಕ್ಯಾಲ್ಗರಿಗೆ ಹೋದರು. 2010ರಲ್ಲಿ ಅವರೂ ಶಿಮಿಜು ಅವರೂ ಸೇರಿ, ಸತು-ಟ್ರಯಜೋಲ್-ಆಕ್ಸಲೇಟ್ ಚೌಕಟ್ಟೊಂದರ ಒಳಗೆ ಕಾರ್ಬನ್ ಡೈ ಆಕ್ಸೈಡ್ ಅಣು ಎಲ್ಲಿ ಕೂರುತ್ತದೆ ಎಂಬುದನ್ನು ಎಕ್ಸ್-ರೇಯಿಂದ ನೇರವಾಗಿ ತೋರಿಸಿದರು. 2021ರಲ್ಲಿ ಸಿಎಎಲ್‌ಎಫ್-20ರ ವಿವರ ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಜಕ್ಕೂರಿನಲ್ಲಿ ಇದರ ಉಪಯೋಗವೇನು ಎಂದು ಯಾರೂ ಖಚಿತವಾಗಿ ಹೇಳಲಾಗದ ಕಾಲದಲ್ಲಿ ಕಲಿತ ರಸಾಯನಶಾಸ್ತ್ರ, ಎರಡು ದಶಕದ ನಂತರ ಸಿಮೆಂಟ್ ಕಾರ್ಖಾನೆಗೆ ತಲುಪಿದ ದಾರಿ ಇದು.

ಚಿಮಣಿಯಲ್ಲದೆ ಬಯಲ ಗಾಳಿಯಿಂದ ಹಿಡಿಯುವುದಾದರೆ? ಕಲ್ಲಿದ್ದಲಿನ ಹೊಗೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಶೇ 12ರಿಂದ 15, ಬಯಲ ಗಾಳಿಯಲ್ಲಿ ಶೇ 0.04ರ ಆಸುಪಾಸು. ಇಷ್ಟು ತೆಳುವಾಗಿರುವಾಗ ಹದವಾದ ಹಿಡಿತ ಸಾಲದು, ಬಿಗಿ ಬೇಕು. 2024ರಲ್ಲಿ ಬರ್ಕ್ಲಿಯವರು ಲೋಹವೇ ಇಲ್ಲದ ಸಿಒಎಫ್-999 ಎಂಬ ಚೌಕಟ್ಟಿನ ಒಳಗೆ ಅಮೈನ್ ಸರಪಳಿಗಳನ್ನು ಬೆಳೆಸಿದರು. ಬಿಗಿಯಾಗಿ ಹಿಡಿಯುತ್ತದೆ, ಆದರೂ 60 ಡಿಗ್ರಿಗೆ ಬಿಡುತ್ತದೆ, ಜೊತೆಗೆ ಕಾಯಿಸಬೇಕಾದ ದ್ರಾವಣವೂ ಇಲ್ಲ. ಬಯಲ ಗಾಳಿಯಲ್ಲಿ 100 ಸಲ ಹಿಡಿದು ಬಿಟ್ಟರೂ ಅದು ಸೋಲಲಿಲ್ಲ. 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಹಿಡಿಯಬಲ್ಲದು ಎಂದು ಅವರ ಅಂದಾಜು.

ಹಿಡಿತ ಸಾಲದೆ ಸೋತ ಉದಾಹರಣೆಯೂ ಇದೆ: ಹೈಡ್ರೋಜನ್. ಮಾಫ್‌ಗಳಿಂದ ಮೊದಲು ಎಲ್ಲರೂ ಬಯಸಿದ್ದು ಕಾರುಗಳಿಗೆ ಹೈಡ್ರೋಜನ್ ಟ್ಯಾಂಕು. ಆದರೆ ಆ ಪುಟ್ಟ ಅಣುವನ್ನು ಬಹುತೇಕ ಮಾಫ್‌ಗಳು ಮೋಲ್‌ಗೆ ಐದಾರು ಕಿಲೋಜೂಲ್ ಶಕ್ತಿಯಲ್ಲಷ್ಟೇ ಹಿಡಿಯುತ್ತವೆ. ದ್ರವ ಸಾರಜನಕದ ಚಳಿಯಲ್ಲಿ ಅದು ಸಾಕು, ಕೋಣೆಯ ತಾಪಮಾನಕ್ಕೆ ಅದರ ಮೂರು ನಾಲ್ಕು ಪಟ್ಟು ಬೇಕು. ಕೆಲಸ ಇನ್ನೂ ನಡೆಯುತ್ತಿದೆ. ಸದ್ದಿಲ್ಲದೆ ಮಾರುಕಟ್ಟೆಗೆ ಬಂದದ್ದು ಬೇರೊಂದು. ಚಿಪ್ ಕಾರ್ಖಾನೆಗಳಿಗೆ ಆರ್ಸಿನ್, ಫಾಸ್ಫಿನ್ ಎಂಬ ಕಡು ವಿಷದ ಅನಿಲಗಳು ಬೇಕು. ಸಿಲಿಂಡರಿನಲ್ಲಿ ಮಾಫ್ ತುಂಬಿಟ್ಟರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡದಲ್ಲೇ ಅವನ್ನು ಶೇಖರಿಸಬಹುದು. ಸಿಲಿಂಡರ್ ಸೋರಿದರೂ ವಿಷ ಹೊರಗೆ ನುಗ್ಗುವುದಿಲ್ಲ. ಕೆಲಸ ಮಾಡುವವರ ಪ್ರಾಣ ಉಳಿಸುವ ಉಪಯೋಗ ಇದು, ಇದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹತ್ತಾರು ಸಾವಿರ ಮಾಫ್‌ಗಳ ರಚನೆ ಈಗ ದತ್ತಕೋಶಗಳಲ್ಲಿದೆ, ಅವುಗಳಲ್ಲಿ ಯಾವುದು ಯಾವ ಅನಿಲಕ್ಕೆ ಸರಿ ಎಂದು ಕಂಪ್ಯೂಟರ್ ಸೋಸಿ ಕೊಡುತ್ತದೆ. ಹೊಸದೊಂದರ ವರದಿ ಕೈಗೆ ಬಂದರೆ ಮೊದಲು ವಿಸ್ತೀರ್ಣದ ಅಂಕಿಗೆ ಹೋಗಬೇಡಿ. ತೇವದಲ್ಲಿ ಎಷ್ಟು ದಿನ ಇಟ್ಟು ನೋಡಿದ್ದಾರೆ, ಎಷ್ಟು ಡಿಗ್ರಿಗೆ ಬಿಡುತ್ತದೆ, ಎಷ್ಟು ಸಲ ಹಿಡಿದು ಬಿಡಿಸಿದ್ದಾರೆ, ಯಾವ ದ್ರಾವಕದಲ್ಲಿ ತಯಾರಿಸಿದ್ದಾರೆ ಎಂದು ಹುಡುಕಿ. ಈ ನಾಲ್ಕು ವಿವರ ಇಲ್ಲದ ವರದಿಯನ್ನು ನಾನು ಅರ್ಧ ಕೆಲಸ ಎಂದೇ ಎಣಿಸುತ್ತೇನೆ.

ನಮ್ಮ ಕಾಲೇಜಿನಲ್ಲಿ ಇದನ್ನು ಮಾಡಲು ಆಗುತ್ತದೆಯೇ ಎಂದು ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಖಂಡಿತ ಆಗುತ್ತದೆ. ಹಾಂಗ್‌ಕಾಂಗ್‌ನ ಎಚ್‌ಕೆಯುಎಸ್‌ಟಿ-1 ಮಾಡಲು ತಾಮ್ರದ ನೈಟ್ರೇಟ್, ಟ್ರೈಮೆಸಿಕ್ ಆಮ್ಲ, ನೀರು ಮತ್ತು ಈಥನಾಲ್ ಸಾಕು. ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಬೇಕು, ಒಳಗೆ ಒತ್ತಡ ಏರುತ್ತದೆ, ಹಾಗಾಗಿ ಮೇಷ್ಟ್ರು ಪಕ್ಕದಲ್ಲಿರಲಿ. ತಿಳಿನೀಲಿ ಪುಡಿ ಬರುತ್ತದೆ. ಸೋಸಿ, ಈಥನಾಲ್‌ನಿಂದ ತೊಳೆದು, ಆರಲು ಬಿಡಿ. ಒಂದು ಗ್ರಾಂ ತೂಗಿ ಓವನ್ನಿನಲ್ಲಿಡಿ, ನೀರು ಹೊರಟ ಹಾಗೆ ಬಣ್ಣ ಕಡುನೀಲಿಗೆ ತಿರುಗುತ್ತದೆ. ಹೊರತೆಗೆದ ಕೂಡಲೇ ಮತ್ತೆ ತೂಗಿ, ತಡ ಮಾಡಿದರೆ ಗಾಳಿಯ ನೀರನ್ನು ಹೀರಿ ಮತ್ತೆ ತಿಳಿಯಾಗಿಬಿಡುತ್ತದೆ. ಎರಡು ತೂಕದ ವ್ಯತ್ಯಾಸವೇ ಅದು ಬಿಟ್ಟ ನೀರು. ಅದೇ ಪುಡಿಯಿಂದ ಮರುದಿನ, ಮುಂದಿನ ವಾರ, ಮಳೆಗಾಲ ಬಂದ ಮೇಲೆ ಇದನ್ನೇ ಮಾಡಿ, ಪ್ರತಿ ಸಲದ ಅಂಕಿಯನ್ನೂ ಬರೆದಿಡಿ. ಆ ಅಂಕಿ ಇಳಿಯುತ್ತಾ ಬಂದರೆ ನನಗೆ ಪತ್ರ ಬರೆಯಿರಿ, ಯಾಕೆ ಇಳಿಯಿತು ಎಂಬುದನ್ನು ಸೇರಿ ನೋಡೋಣ.